ದುಡಿಯುವವರ ಮತವೂ ಪಕ್ಷದ ಋಣವೂ

ಪ್ರಜಾಪ್ರಭುತ್ವವುಳ್ಳ ಹಲವು ದೇಶಗಳಲ್ಲಿ ಇಂದು ವಿಚಿತ್ರವಾದ ಸಂಗತಿಯೊಂದು ನಡೆಯುತ್ತಿದೆ. ಶ್ರಮಿಕರ ಹೆಸರಿನಲ್ಲಿ ಹುಟ್ಟಿ, ಶ್ರಮಿಕರ ಚಂದಾಹಣದಿಂದ ಬೆಳೆದ ಪಕ್ಷಗಳನ್ನು ಶ್ರಮಿಕರೇ ಬಿಟ್ಟುಹೋಗುತ್ತಿದ್ದಾರೆ. ಕ್ರಾಂತಿಯ ದಾರಿ ಹಿಡಿಯದೆ, ಸಂಸತ್ತಿನ ಮೂಲಕವೇ ಸಮಾನತೆಯನ್ನು ತರಲು ಹೊರಟ ಇಂಥ ಪಕ್ಷಗಳನ್ನು ಮಧ್ಯ-ಎಡ ಪಕ್ಷಗಳೆಂದು ಕರೆಯುವುದು ವಾಡಿಕೆ. ದುಡಿಯುವ ವರ್ಗದ ಮತವನ್ನು ಇವು ಮರಳಿ ಗಳಿಸುವುದು ಹೇಗೆಂದು ವಿದ್ವಾಂಸರೂ ಪಕ್ಷಗಳ ಧುರೀಣರೂ ಚಿಂತಿಸುತ್ತಿದ್ದಾರೆ. ನಮಗಾದರೋ, ಉತ್ತರವನ್ನು ಹುಡುಕುವ ಮೊದಲು ಪ್ರಶ್ನೆಯನ್ನೇ ಪರೀಕ್ಷಿಸಬೇಕೆನಿಸುತ್ತದೆ. ಮರಳಿ ಗಳಿಸುವುದೆಂದರೆ ಹಿಂದೊಮ್ಮೆ ಅದು ತಮ್ಮ ಸ್ವತ್ತಾಗಿತ್ತು ಎಂದಾಯಿತು. ಹಗ್ಗ ಬಿಚ್ಚಿಕೊಂಡು ಹೋದ ದನವನ್ನು ಹುಡುಕಿ ತರುವವರ ಧ್ವನಿ ಅದರಲ್ಲಿದೆ. ಮತದಾರನು ಯಾರ ಕೊಟ್ಟಿಗೆಯ ದನವೂ ಅಲ್ಲ. ಆದ್ದರಿಂದ ತಂತ್ರದ ಪ್ರಶ್ನೆಗಿಂತ ಮೊದಲು ನೀತಿಯ ಪ್ರಶ್ನೆಯೊಂದಿದೆ: ಪಕ್ಷಕ್ಕೂ ದುಡಿಯುವವರಿಗೂ ಇರುವ ಸಂಬಂಧ ಎಂಥದು? ಅಲ್ಲಿ ಯಾರು ಯಾರಿಗೆ ಋಣಿ?

ಸೊಲ್ಲಾಪುರದ ಕನ್ನಡಿಗರಾದ ನಮಗೆ ಈ ವಿಚಾರ ಪರಕೀಯವಲ್ಲ. 1870ರ ದಶಕದಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ಕನ್ನಡ, ಮರಾಠಿ, ತೆಲುಗು, ಉರ್ದು ಮಾತನಾಡುವವರು ಒಂದೇ ಭೋಂಗಾದ ಕೂಗಿಗೆ ಎದ್ದು ಒಂದೇ ಬಾಗಿಲಿನಿಂದ ಒಳಹೊಕ್ಕರು. 1930ರಲ್ಲಿ ಈ ಊರು ಬ್ರಿಟಿಷರ ಆಳಿಕೆಯನ್ನು ಎದುರಿಸಿ ಲಷ್ಕರಿ ಕಾಯಿದೆಯನ್ನು ಅನುಭವಿಸಿದಾಗ ಗಿರಣಿ ಕಾರ್ಮಿಕರೂ ಬೀದಿಯಲ್ಲಿದ್ದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಗಲ್ಲಿಗೇರಿದರು. ಮುಂದೆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಂಡಸಿನ ಕೆಲಸ ಹೋದ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಒಲೆ ಉರಿಸಿದರು. ಹೀಗಾಗಿ ಇಂಗ್ಲೆಂಡಿನ ಗಿರಣಿ ಊರುಗಳ ಕಥೆಯನ್ನು ಓದುವಾಗ ನಮ್ಮದೇ ನೆರೆಮನೆಯ ಸುದ್ದಿ ಕೇಳಿದಂತಾಗುತ್ತದೆ.

ಅಲ್ಲಿನ ಲೇಬರ್ ಪಕ್ಷವನ್ನೇ ನಾವು ನಿದರ್ಶನವಾಗಿ ತೆಗೆದುಕೊಳ್ಳಬಹುದು. 1900ರ ಫೆಬ್ರವರಿಯಲ್ಲಿ ಕಾರ್ಮಿಕ ಸಂಘಗಳೂ ಸಮಾಜವಾದಿ ಮಂಡಳಿಗಳೂ ಲಂಡನ್ನಿನಲ್ಲಿ ಸಭೆ ಸೇರಿ ಅದಕ್ಕೆ ತಳಪಾಯ ಹಾಕಿದವು. ಅದರ ಮೊದಲ ನಾಯಕರಲ್ಲೊಬ್ಬನಾದ ಕೀರ್ ಹಾರ್ಡಿ ಬಾಲ್ಯದಲ್ಲಿಯೇ ಕಲ್ಲಿದ್ದಲ ಗಣಿಗೆ ಇಳಿದವನು. 1906ರಲ್ಲಿ 29 ಸದಸ್ಯರನ್ನು ಕಳಿಸಿದ ಪಕ್ಷ 1945ರಲ್ಲಿ 393 ಸ್ಥಾನಗಳನ್ನು ಗೆದ್ದಿತು. 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂತು. ಅದರ ಶಿಲ್ಪಿ ಅನೈರಿನ್ ಬೆವನ್ ವೇಲ್ಸಿನ ಟ್ರೆಡೆಗರ್ ಊರಿನ ಗಣಿ ಕಾರ್ಮಿಕನ ಮಗ, ಸ್ವತಃ ಗಣಿಯಲ್ಲಿ ದುಡಿದವನು. ಟ್ರೆಡೆಗರಿನ ಕಾರ್ಮಿಕರು ಕೂಲಿಯಲ್ಲಿ ಒಂದಿಷ್ಟು ಕೊಟ್ಟು ಕಟ್ಟಿಕೊಂಡಿದ್ದ ವೈದ್ಯಕೀಯ ನೆರವಿನ ಸಂಘವೇ ಅವನಿಗೆ ಮಾದರಿ. ಹಾಗೆಯೇ 1844ರಲ್ಲಿ ರಾಚ್‌ಡೇಲ್ ಎಂಬ ನೇಕಾರರ ಊರಿನಲ್ಲಿ ಬಡವರು ಪಾಲುಹಣ ಕೂಡಿಸಿ ತೆರೆದ ಅಂಗಡಿ ಜಗತ್ತಿನ ಸಹಕಾರಿ ಚಳುವಳಿಗೆ ದಾರಿ ತೋರಿತು. ಆ ಚಳುವಳಿಯ ಅಲೆಯೇ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ನಮ್ಮ ನಾಡಿನ ಮೊದಲ ಸಹಕಾರಿ ಸಂಘವಾಗಿ ಮೈದಳೆಯಿತು. ಇಲ್ಲಿ ಗಮನಿಸಬೇಕಾದುದು ಇಷ್ಟು: ಆ ಪಕ್ಷದ ಶ್ರೇಷ್ಠ ಸಾಧನೆ ಮೇಲಿನವರು ಕರುಣೆಯಿಂದ ಕೆಳಕ್ಕೆ ಇಳಿಬಿಟ್ಟದ್ದಲ್ಲ. ದುಡಿಯುವವರು ತಮ್ಮ ಓಣಿಯಲ್ಲಿ ಕಂಡುಕೊಂಡದ್ದನ್ನು ಪಕ್ಷವು ದೇಶಕ್ಕೆ ಹಿಗ್ಗಿಸಿತು.

ಈ ಸಂಬಂಧ ಸಡಿಲವಾದದ್ದು ಸೋಲಿನ ಕಾಲದಲ್ಲಲ್ಲ, ಗೆಲುವಿನ ಕಾಲದಲ್ಲಿ. 1997ರಲ್ಲಿ ಪಕ್ಷ 418 ಸ್ಥಾನಗಳನ್ನು ಗೆದ್ದಿತು. 1999ರಲ್ಲಿ ಕನಿಷ್ಠ ವೇತನವನ್ನು ಜಾರಿಗೆ ತಂದಿತು. ಅದು ಸಣ್ಣ ಕೆಲಸವಲ್ಲ. ಆದರೂ 2001ರ ಚುನಾವಣೆಯಲ್ಲಿ ದೇಶದ ಮತದಾನ ಶೇ. 71.4ರಿಂದ ಶೇ. 59.4ಕ್ಕೆ ಕುಸಿಯಿತು, ಪಕ್ಷಕ್ಕೆ ಬಿದ್ದ ಮತಗಳು 1 ಕೋಟಿ 35 ಲಕ್ಷದಿಂದ 1 ಕೋಟಿ 7 ಲಕ್ಷಕ್ಕೆ ಇಳಿದವು. ಸ್ಥಾನಗಳು ಉಳಿದವಾದ್ದರಿಂದ ಯಾರೂ ಬೆದರಲಿಲ್ಲ. ದುಡಿಯುವವರು ನಮ್ಮನ್ನು ಬಿಟ್ಟು ಎಲ್ಲಿಗೆ ಹೋದಾರು ಎಂಬ ಭಾವ ಗಟ್ಟಿಯಾಗಿತ್ತು. ಅವರು ಮೊದಲು ಮನೆಯಲ್ಲಿ ಉಳಿದರು. ಆಮೇಲೆ ಬೇರೆ ಬಾಗಿಲಿಗೆ ಹೋದರು. 2019ರಲ್ಲಿ ಪಕ್ಷಕ್ಕೆ ದಕ್ಕಿದ್ದು 202 ಸ್ಥಾನಗಳು. 1935ರಿಂದೀಚೆಗೆ ಅಷ್ಟು ಕಡಮೆ ಎಂದೂ ಬಂದಿರಲಿಲ್ಲ. 1922ರಿಂದ ಕೈಬಿಡದಿದ್ದ ಲೀ, ಗಣಿನಾಡಿನ ಬೋಲ್ಸೋವರ್, ಟೋನಿ ಬ್ಲೇರ್ ಪ್ರತಿನಿಧಿಸಿದ್ದ ಸೆಡ್ಜ್‌ಫೀಲ್ಡ್, ಎಲ್ಲವೂ ಹೋದವು.

ಇದರ ಕಾರಣಗಳು ಹಲವು. ಗಣಿ, ಗಿರಣಿಗಳ ಜೊತೆಗೆ ಕಾರ್ಮಿಕ ಸಂಘದ ಕಚೇರಿ, ಕ್ಲಬ್ಬು, ವಾಚನಾಲಯಗಳೂ ಮುಚ್ಚಿದವು. ಯುರೋಪಿನ ಒಕ್ಕೂಟದ ಪ್ರಶ್ನೆ ಮನೆಮನೆಯನ್ನು ಒಡೆಯಿತು. ಆದರೆ ಎಲ್ಲದರ ಅಡಿಯಲ್ಲಿ ಗೌರವದ ಪ್ರಶ್ನೆಯಿದೆಯೆಂದು ನಾವು ಭಾವಿಸುತ್ತೇವೆ. 2010ರಲ್ಲಿ, ಅದೇ ರಾಚ್‌ಡೇಲಿನಲ್ಲಿ, ಜೀವನವಿಡೀ ಲೇಬರ್ ಪಕ್ಷವನ್ನು ಬೆಂಬಲಿಸಿದ್ದ ವೃದ್ಧೆಯೊಬ್ಬಳು ಪ್ರಧಾನಿ ಗಾರ್ಡನ್ ಬ್ರೌನರನ್ನು ಬೀದಿಯಲ್ಲಿ ತಡೆದು ಸಾಲ, ಪಿಂಚಣಿ, ವಲಸೆಗಳ ಬಗ್ಗೆ ಪ್ರಶ್ನಿಸಿದಳು. ಎದುರಿಗೆ ಅವರು ನಗುನಗುತ್ತ ಮಾತನಾಡಿದರು. ಕಾರಿನೊಳಗೆ ಕುಳಿತು ಅವಳನ್ನು ಮತಾಂಧಳೆಂದು ಜರೆದರು. ಅಂಗಿಗೆ ಸಿಕ್ಕಿಸಿದ್ದ ಧ್ವನಿಗ್ರಾಹಕ ಆ ಮಾತನ್ನು ಲೋಕಕ್ಕೆ ಕೇಳಿಸಿತು. ಅವರು ಅವಳ ಮನೆಗೇ ಹೋಗಿ ಕ್ಷಮೆ ಕೇಳಿದರೆಂಬುದನ್ನೂ ಹೇಳಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಭೇಟಿಯನ್ನು ಇಟ್ಟು ನೋಡೋಣ. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಅದೇ ಲ್ಯಾಂಕಾಶೈರ್ ಸೀಮೆಯ ಡಾರ್ವೆನ್ ಊರಿಗೆ ಹೋದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಅಲ್ಲಿನ ಗಿರಣಿಗಳಿಗೆ ಪೆಟ್ಟು ಬಿದ್ದಿತ್ತು. ಕೆಲಸ ಕಳೆದುಕೊಂಡವರು ಬೀದಿ ತುಂಬ ಇದ್ದರು. ಗಾಂಧೀಜಿ ಬಹಿಷ್ಕಾರವನ್ನು ಹಿಂತೆಗೆಯುವ ಆಸೆ ತೋರಿಸಲಿಲ್ಲ. ಅವರ ಕಷ್ಟವನ್ನು ಕೇಳಿದರು. ಭಾರತದ ಹಳ್ಳಿಗರ ಬಡತನ ಅದಕ್ಕಿಂತ ಎಷ್ಟು ಆಳವಾದುದೆಂಬುದನ್ನು ಅವರ ಮುಖಕ್ಕೇ ಹೇಳಿದರು. ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಜಯಕಾರ ಮಾಡುತ್ತಿರುವ ಚಿತ್ರ ಇಂದಿಗೂ ಪ್ರಸಿದ್ಧ. ತಮ್ಮ ಅನ್ನಕ್ಕೆ ಕುತ್ತು ತಂದವನನ್ನು ಅವರು ಗೌರವಿಸಿದರು. ತಮ್ಮವನೇ ಆದ ಪ್ರಧಾನಿಯ ಮಾತು ಆ ವೃದ್ಧೆಗೆ ನೋವು ತಂದಿತು. ಭಿನ್ನಾಭಿಪ್ರಾಯವನ್ನು ದುಡಿಯುವ ಮನುಷ್ಯ ಸಹಿಸಬಲ್ಲ; ಎದುರಿಗೊಂದು ಬೆನ್ನಿಗೊಂದು ಮಾತನ್ನು ಸಹಿಸಲಾರ.

ಈ ತಿರಸ್ಕಾರ ಕೇವಲ ವ್ಯಕ್ತಿಗಳ ದೋಷವಲ್ಲ. ಅದಕ್ಕೊಂದು ತತ್ತ್ವದ ಬೇರಿದೆ. 1945ರ ಲೇಬರ್ ಪ್ರಣಾಳಿಕೆಯನ್ನು ಬರೆದ ಮೈಕೆಲ್ ಯಂಗ್, 1958ರಲ್ಲಿ ಪ್ರತಿಭೆಯೇ ಆಳುವ ಸಮಾಜವನ್ನು ವಿಡಂಬಿಸಿ ಒಂದು ಪುಸ್ತಕ ಬರೆದ. ಗೆದ್ದವರು ತಮ್ಮ ಯೋಗ್ಯತೆಯಿಂದಲೇ ಗೆದ್ದೆವೆಂದು ನಂಬಿದರೆ, ಸೋತವರು ತಮ್ಮ ಅಯೋಗ್ಯತೆಯಿಂದಲೇ ಸೋತರೆಂದು ಒಪ್ಪಬೇಕಾಗುತ್ತದೆ. ಬಡತನಕ್ಕೆ ಅವಮಾನವೂ ಸೇರುತ್ತದೆ ಎಂಬುದು ಅವನ ಎಚ್ಚರಿಕೆ. ಆದರೆ ಅವನದೇ ಪಕ್ಷ ಆ ಪದವನ್ನು ಹೊಗಳಿಕೆಯಾಗಿ ಬಳಸತೊಡಗಿತು. 2001ರಲ್ಲಿ ಅವನು ಪತ್ರಿಕೆಯಲ್ಲಿ ಬರೆದು ಆಕ್ಷೇಪಿಸಬೇಕಾಯಿತು. ಓದಿ ಮೇಲೇರಿ ಎಂಬುದು ಒಳ್ಳೆಯ ಮಾತೇ. ಆದರೆ ಏಣಿ ಹತ್ತಿದವರನ್ನಷ್ಟೇ ಹೊಗಳುವ ಪಕ್ಷ, ಏಣಿಯ ಬುಡವನ್ನು ಹಿಡಿದು ನಿಂತವರಿಗೆ ಏನು ಹೇಳುತ್ತದೆ? ಹನ್ನೆರಡನೆಯ ಶತಮಾನದ ಶರಣರು ಇದಕ್ಕೆ ಬೇರೆಯೇ ಉತ್ತರ ಕೊಟ್ಟಿದ್ದರು. ಅಂಬಿಗರ ಚೌಡಯ್ಯ ಹುಟ್ಟು ಹಾಕುವುದನ್ನು ಬಿಟ್ಟು, ನುಲಿಯ ಚಂದಯ್ಯ ಹಗ್ಗ ಹೊಸೆಯುವುದನ್ನು ಬಿಟ್ಟು ದೊಡ್ಡವರಾಗಲಿಲ್ಲ. ಕಾಯಕದ ಹೆಸರನ್ನು ಹೊತ್ತೇ ಅನುಭವಿಗಳ ಸಾಲಿನಲ್ಲಿ ಕುಳಿತರು.

ಸೊನ್ನಲಿಗೆಯವರಾದ ನಾವು ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು ಇಲ್ಲಿ ನೆನೆಯದಿರಲಾರೆವು. ಸಿದ್ಧರಾಮರು ಲೋಕೋಪಕಾರಕ್ಕಾಗಿ ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭು ಬಂದು ಅವರನ್ನು ಒಡ್ಡನೆಂದು ಕರೆದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ತೂರಿದರು. ಕೆರೆ ಕಟ್ಟುವುದು ತಪ್ಪೆಂದು ಅಲ್ಲಮರ ಅಭಿಪ್ರಾಯವಲ್ಲ. ಕಟ್ಟಿದೆನೆಂಬ ಅಹಂಕಾರ ಕಟ್ಟಿದ್ದನ್ನೇ ಕೆಡಿಸುತ್ತದೆಂಬುದು ಅವರ ಇಂಗಿತವೆಂದು ನಾವು ತಿಳಿಯುತ್ತೇವೆ. ಈ ಮಾತಿಗೆ ನಮ್ಮ ಕಾಲದ ನಿದರ್ಶನವೂ ಹತ್ತಿರದಲ್ಲೇ ಇದೆ. ದಕ್ಷಿಣ ಸೊಲ್ಲಾಪುರದ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರು, ಮಗ್ಗದವರು, ಚಿಂದಿ ಆಯುವವರಿಗಾಗಿ 30,000 ಮನೆಗಳ ಯೋಜನೆ ರೂಪುಗೊಂಡಿತು. 2024ರ ಜನವರಿಯಲ್ಲಿ 15,000 ಮನೆಗಳು ಹಸ್ತಾಂತರವಾದವು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಮಾಜಿ ಶಾಸಕ ನರಸಯ್ಯ ಆಡಮ್. ಅದೇ ವರ್ಷದ ನವೆಂಬರಿನ ವಿಧಾನಸಭಾ ಚುನಾವಣೆಯಲ್ಲಿ ಅವರು ಸೋತರು. ಇದನ್ನು ಜನರ ಕೃತಘ್ನತೆಯೆಂದು ಕೆಲವರು ಹೇಳಿಯಾರು. ನಾವು ಹಾಗೆ ಹೇಳಲಾರೆವು. ಮನೆ ಪಡೆದವಳು ಕಂತು ಕಟ್ಟಿದ್ದಾಳೆ, ಮೋರ್ಚಾಗಳಲ್ಲಿ ನಡೆದಿದ್ದಾಳೆ. ಆ ಮನೆ ಅವಳ ಹಕ್ಕು. ಹಕ್ಕಿಗೆ ಮತವು ಬಡ್ಡಿಯಲ್ಲ. ಹೋರಾಡಿದವರ ಹಿರಿಮೆಯೂ ಇದರಿಂದ ಕುಂದುವುದಿಲ್ಲ. ಫಲ ದಕ್ಕದಿದ್ದಾಗಲೂ ಮಾಡಿದ ಕೆಲಸ ನ್ಯಾಯವೇ ಆಗಿರುತ್ತದೆ.

ಹಾಗಾದರೆ ಪಕ್ಷ ಮಾಡಬೇಕಾದುದೇನು? ಮೊದಲನೆಯದಾಗಿ, ಚುನಾವಣೆಯಿಲ್ಲದ ವರ್ಷಗಳಲ್ಲಿ ಓಣಿಯಲ್ಲಿರಬೇಕು. ಪಡಿತರ ಚೀಟಿ, ಭವಿಷ್ಯನಿಧಿ, ಬಾಕಿ ಕೂಲಿಗಳ ವಿಷಯದಲ್ಲಿ ಜೊತೆಗೆ ಬಂದು ಸಾಲಿನಲ್ಲಿ ನಿಲ್ಲುವವನ ಮಾತಿಗೆ ಬೆಲೆ ಬರುತ್ತದೆ. ಎರಡನೆಯದಾಗಿ, ದುಡಿಯುವವರ ಪರವಾಗಿ ಮಾತನಾಡುವುದನ್ನು ಕಡಮೆ ಮಾಡಿ ಅವರಿಗೇ ಮಾತನಾಡಲು ವೇದಿಕೆ ಬಿಡಬೇಕು. ಹಾರ್ಡಿ, ಬೆವನ್ನರು ಗಣಿಯಿಂದ ಬಂದವರು. ಇಂದಿನ ಅಭ್ಯರ್ಥಿ ಉಗ್ರಾಣದಲ್ಲಿ ಮೂಟೆ ಹೊರುವವನೂ ವೃದ್ಧರ ಆರೈಕೆ ಮಾಡುವವಳೂ ಏಕಾಗಬಾರದು? ಮೂರನೆಯದಾಗಿ, ಗೌರವವನ್ನು ಭಾಷಣದಲ್ಲಲ್ಲ, ಕಾನೂನಿನಲ್ಲಿ ಬರೆಯಬೇಕು. ಡೆನ್ಮಾರ್ಕಿನ ಸೋಶಿಯಲ್ ಡೆಮಾಕ್ರಾಟರು 2020ರಲ್ಲಿ, ಎಳೆ ವಯಸ್ಸಿನಲ್ಲೇ ದುಡಿಮೆಗಿಳಿದು 61ರ ಹೊತ್ತಿಗೆ 42ರಿಂದ 44 ವರ್ಷ ಕೆಲಸ ಮಾಡಿದವರಿಗೆ ಒಂದರಿಂದ ಮೂರು ವರ್ಷ ಮೊದಲೇ ಪಿಂಚಣಿಯ ಹಕ್ಕನ್ನು ಕೊಟ್ಟರು. ಸವೆದ ಬೆನ್ನಿಗೂ ಕುರ್ಚಿಯಲ್ಲಿ ಕುಳಿತ ಬೆನ್ನಿಗೂ ವ್ಯತ್ಯಾಸವಿದೆಯೆಂದು ಸರಕಾರ ಒಪ್ಪಿದಂತಾಯಿತು. ನಾಲ್ಕನೆಯದಾಗಿ, ಸತ್ಯ ಹೇಳಬೇಕು. ಮುಚ್ಚಿದ ಗಿರಣಿಯ ಚಿಮಣಿಯಲ್ಲಿ ಮತ್ತೆ ಹೊಗೆ ಬರಿಸುವೆನೆನ್ನುವುದು ಸುಳ್ಳು. ಹೊಸ ಕೆಲಸಕ್ಕೆ ಹಳೆಯ ಗಿರಣಿಯ ಭದ್ರತೆಯನ್ನು ತರಲು ದುಡಿಯುವೆನೆನ್ನುವುದು ಸಾಧ್ಯವಾದ ಮಾತು.

ಇಲ್ಲಿ ಒಂದು ಕಠಿಣ ಆಕ್ಷೇಪಣೆ ಏಳುತ್ತದೆ. ದುಡಿಯುವವರ ಮನಸ್ಸಿನಲ್ಲಿ ಹೊರಗಿನವರ ಬಗ್ಗೆ ದ್ವೇಷವಿದ್ದರೆ ಪಕ್ಷ ಅದಕ್ಕೂ ತಲೆಬಾಗಬೇಕೇ? ಪರರಾಜ್ಯದಲ್ಲಿ ನೆಲೆಸಿ ಬಾಳಿದ ಭಾಷಿಕರಾದ ನಮಗೆ ಈ ಪ್ರಶ್ನೆಯ ಮೊನೆ ಚೆನ್ನಾಗಿ ತಿಳಿದಿದೆ. ಭಯವನ್ನು ಆಲಿಸುವುದು ಬೇರೆ, ಭಯಕ್ಕೆ ಬಲಿ ಹುಡುಕಿಕೊಡುವುದು ಬೇರೆ. ಬಾಡಿಗೆ ಏರಿತು, ಆಸ್ಪತ್ರೆಯ ಸಾಲು ಬೆಳೆಯಿತು ಎನ್ನುವವನ ದೂರು ನಿಜ. ಅದಕ್ಕೆ ನೆರೆಯವನೇ ಕಾರಣನೆಂಬ ತೀರ್ಮಾನ ನಿಜವಾಗಬೇಕಿಲ್ಲ. ಲೆಕ್ಕಾಚಾರವೂ ಸಲೀಸಲ್ಲ: ವಲಸೆಯ ವಿಷಯದಲ್ಲಿ ಬಿಗಿ ನಿಲುವು ತಳೆದು 2019ರಲ್ಲಿ ಅಧಿಕಾರಕ್ಕೆ ಬಂದ ಡೆನ್ಮಾರ್ಕಿನ ಅದೇ ಪಕ್ಷದ ಮತಪ್ರಮಾಣ ಆ ಚುನಾವಣೆಯಲ್ಲಿ ಶೇ. 26.3ರಿಂದ ಶೇ. 25.9ಕ್ಕೆ ಇಳಿದಿತ್ತು. ಅಲ್ಲದೆ ಇಂದಿನ ದುಡಿಯುವ ವರ್ಗದಲ್ಲಿ ವಲಸಿಗರೂ ಇದ್ದಾರೆ. ಒಬ್ಬ ಶ್ರಮಿಕನ ಗೌರವವನ್ನು ಇನ್ನೊಬ್ಬನ ಗೌರವ ಕಿತ್ತು ಕಟ್ಟಲಾಗದು.

2024ರಲ್ಲಿ ಲೇಬರ್ ಪಕ್ಷ 411 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಮರಳಿತು. ಆದರೆ ಅದಕ್ಕೆ ಬಂದ ಮತಗಳು ಸುಮಾರು 97 ಲಕ್ಷ. ಹೀನಾಯವಾಗಿ ಸೋತ 2019ರಲ್ಲಿ ಬಂದದ್ದು 1 ಕೋಟಿ 2 ಲಕ್ಷಕ್ಕೂ ಹೆಚ್ಚು. ಎದುರಾಳಿಗಳು ಒಡೆದದ್ದರಿಂದ ದಕ್ಕಿದ ಗೆಲುವಿದು. ತಿಂಗಳೊಳಗೆ ಸರಕಾರವು ಬಹುಪಾಲು ವೃದ್ಧರ ಚಳಿಗಾಲದ ಇಂಧನ ಭತ್ಯೆಯನ್ನು ನಿಲ್ಲಿಸಿತು. ಜನ ಕೆರಳಿದ ಮೇಲೆ, 2025ರ ಜೂನಿನಲ್ಲಿ, ಬಹಳಷ್ಟು ಮಂದಿಗೆ ಅದನ್ನು ಮರಳಿ ಕೊಡಬೇಕಾಯಿತು. ಅಷ್ಟರಲ್ಲಿ ಮೇ ತಿಂಗಳ ಸ್ಥಳೀಯ ಚುನಾವಣೆ ಮುಗಿದಿತ್ತು. 1919ರಲ್ಲಿ ಆ ಪಕ್ಷ ಮೊಟ್ಟಮೊದಲು ಗೆದ್ದ ಜಿಲ್ಲಾ ಮಂಡಳಿ ಡರ್ಹಾಮ್, ಬಲಪಂಥದ ರಿಫಾರ್ಮ್ ಪಕ್ಷದ ಪಾಲಾಗಿತ್ತು. ಸ್ಥಾನಗಳು ಮರಳಿದರೆ ವಿಶ್ವಾಸವೂ ಮರಳಿತೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಋಣದ ಪ್ರಶ್ನೆಗೆ ನಮ್ಮ ಉತ್ತರ ಇದು: ದುಡಿಯುವವನು ಪಕ್ಷಕ್ಕೆ ಋಣಿಯಲ್ಲ, ಅವನ ಹೆಸರಿನಲ್ಲಿ ಹುಟ್ಟಿದ ಪಕ್ಷವೇ ಅವನಿಗೆ ಋಣಿ. ಆ ಋಣವನ್ನು ಪ್ರತಿಫಲ ಕೇಳದೆ ತೀರಿಸುವ ಪಕ್ಷಕ್ಕೆ ಮತವು ಬಂದೀತು, ಬಾರದೆಯೂ ಇದ್ದೀತು. ಬಂದರೆ ಅದು ಮರಳಿ ಬಂದದ್ದಲ್ಲ, ಹೊಸದಾಗಿ ಕೊಟ್ಟದ್ದು. ಇದು ಪಕ್ಷಗಳಿಗಷ್ಟೇ ಸಲ್ಲುವ ಮಾತೂ ಅಲ್ಲ. ಭಾಷೆಯ ಹೆಸರಿನಲ್ಲಿ ಕೂಡುವ ನಮ್ಮಂಥ ಸಂಘಗಳಿಗೂ ಇದು ಸಲ್ಲುತ್ತದೆ. ಬೀಡಿ ಕಟ್ಟುತ್ತ, ಮಗ್ಗದ ಬಳಿ ನಿಂತು, ಗೌಂಡಿ ಕೆಲಸ ಮಾಡುತ್ತ ಈ ಗಡಿಯಲ್ಲಿ ಕನ್ನಡವನ್ನು ನಿತ್ಯ ಆಡಿ ಉಳಿಸಿದವರಿದ್ದಾರೆ. ನಮ್ಮ ಸಮ್ಮೇಳನಗಳ ಸಭೆಯಲ್ಲಿ ಮಾತ್ರವಲ್ಲ, ವೇದಿಕೆಯ ಮೇಲೂ ಅವರಿಗೆ ಜಾಗವಿರಲಿ.