ಬಾಗಿಲಲ್ಲಿ ಕಾದವರು

ಟಿಕೆಟ್ ಕೊಂಡವರನ್ನು ಗಿರಾಕಿ ಎನ್ನಬಾರದು, ಅತಿಥಿ ಎನ್ನಬೇಕು ಎಂದು ಮೊದಲ ದಿನದ ತರಬೇತಿಯಲ್ಲೇ ಹೇಳಿಕೊಟ್ಟರು. ಇಂಗ್ಲೆಂಡಿನ ಒಂದು ದೊಡ್ಡ ಊರಿನಲ್ಲಿ, ಸಾವಿರಾರು ಜನ ಕೂರುವ ಒಳಾಂಗಣವೊಂದರಲ್ಲಿ ನನ್ನ ಕೆಲಸ. ವಾರಕ್ಕೆ ಮೂರೋ ನಾಲ್ಕೋ ಸಂಜೆ ಅಲ್ಲಿ ಸಂಗೀತ. ಎರಡು ವರ್ಷ ಬಾಗಿಲಲ್ಲಿ ನಿಂತು ಟಿಕೆಟ್ ಸ್ಕ್ಯಾನ್ ಮಾಡಿದೆ. ನಾಲ್ಕು ವರ್ಷದಿಂದ ದೂರು ಓದಿ ಉತ್ತರ ಬರೆಯುತ್ತಿದ್ದೇನೆ. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ‘ಅತಿಥಿ’ ಎಂಬ ಮಾತನ್ನು ಹಗುರವಾಗಿ ಆಡಲು ಬರುವುದಿಲ್ಲ.

ನಮ್ಮ ಮನೆಗೆ ಯಾರೇ ಬರಲಿ, ಜಗುಲಿ ಹತ್ತುವ ಮೊದಲು ಕಾಲಿಗೆ ನೀರು, ಕೂತ ಮೇಲೆ ಬೆಲ್ಲದ ಜೊತೆ ಕುಡಿಯಲು ನೀರು. ‘ಆಸರಿಗೆ ಎಂತ ಬೇಕು’ ಎಂದು ಕೇಳಿ, ಅದನ್ನು ಕೊಟ್ಟಾದ ಮೇಲೆಯೇ ಅಜ್ಜಿ ಬಂದ ಕಾರಣ ವಿಚಾರಿಸುತ್ತಿದ್ದದ್ದು. ತಿಥಿ ನೋಡದೆ, ಹೇಳಿಕಳಿಸದೆ ಬರುವವನೇ ಅತಿಥಿ ಎಂದು ಪದ ಬಿಡಿಸಿ ತೋರಿಸಿದವರು ಅಪ್ಪಯ್ಯ. ನನ್ನ ಕೆಲಸದ ಜಾಗಕ್ಕೆ ಬರುವವರ ಕೈಯಲ್ಲಾದರೋ ತಾರೀಖು, ಬಾಗಿಲು ತೆರೆಯುವ ಹೊತ್ತು, ಬ್ಲಾಕು, ಸಾಲು, ಸೀಟ್ ನಂಬರು ಎಲ್ಲವೂ ಅಚ್ಚಾಗಿರುತ್ತದೆ. ದುಡ್ಡೂ ತಿಂಗಳುಗಳ ಮೊದಲೇ ಸಂದಿರುತ್ತದೆ. ಇವರನ್ನು ಯಾವ ಅರ್ಥದಲ್ಲಿ ಅತಿಥಿ ಎನ್ನಲಿ? ಕೊಡುವುದು ಕೊಟ್ಟು ಪಡೆಯುವುದು ಪಡೆದರೆ ಲೆಕ್ಕ ಚುಕ್ತಾ ಆಗಬೇಕು. ಆಮೇಲೂ ನಮ್ಮ ಕಡೆಯಿಂದ ಏನಾದರೂ ಬಾಕಿ ಉಳಿಯುತ್ತದೆಯೇ? ನಾಲ್ಕು ವರ್ಷ ದೂರುಗಳನ್ನು ಓದುತ್ತ ನಾನು ಹುಡುಕಿದ್ದು ಈ ಬಾಕಿಯನ್ನೇ.

ದೂರುಗಳಲ್ಲಿ ಹೆಚ್ಚಿನವು ಮೈ ಅನುಭವಿಸಿದ ಕಷ್ಟದವು. ಮೇಲಿನ ಅಂತಸ್ತಿನ ಕಡಿದಾದ ಮೆಟ್ಟಿಲು ನೋಡಿ ತಲೆ ತಿರುಗಿ, ಇಡೀ ಸಂಜೆ ಸೀಟಿನ ಕೈಯನ್ನು ಬಿಗಿಹಿಡಿದು ಕೂತವರು. ಹೆಂಗಸರ ಶೌಚಾಲಯದ ಸಾಲಿನಲ್ಲಿ ನಿಂತು, ತಾನು ಕಾದಿದ್ದ ಒಂದೇ ಹಾಡನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡವಳು. ಮುಂದಿನವನು ಫೋನ್ ಎತ್ತಿ ಹಿಡಿದೇ ಇದ್ದುದರಿಂದ ಗಾಯಕಿಯನ್ನು ಅಂಗೈಯಗಲದ ಪರದೆಯಲ್ಲಿ ನೋಡಿ ಮನೆಗೆ ಹೋದವನು. ಮಗಳಿಗೆಂದು ತಂದ ನೀರಿನ ಬಾಟಲಿಯನ್ನು ಬಾಗಿಲಲ್ಲಿ ಕಸಿದು ಒಳಗೆ ಅದೇ ನೀರನ್ನು ಮಾರಿದಿರಿ ಎಂದು ಬರೆದ ಒಬ್ಬ ತಂದೆ. ಈ ಕೊನೆಯ ಬಗೆಯ ಕಾಗದಕ್ಕೆ ಉತ್ತರ ಬರೆಯುವಾಗ ನನ್ನ ಕೈ ಓಡುವುದಿಲ್ಲ. ನಿಯಮ ನನಗೆ ಬಾಯಿಪಾಠ. ಆದರೆ ಬಾಯಾರಿ ಬಂದವರಿಗೆ ಮೊದಲು ನೀರು ಕೊಟ್ಟ ಕೈಗಳನ್ನು ನೋಡಿ ಬೆಳೆದವಳು ನಾನು.

ದೂರುವವರೆಲ್ಲ ಗೊಣಗುವ ಸ್ವಭಾವದವರು ಎಂದು ಸಹೋದ್ಯೋಗಿಗಳು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದಾಗಲೇ ಮಾತು ಗುಮ್ಮಟಕ್ಕೆ ಬಡಿದು ಮರಳಿ ಕೇಳಿಸುತ್ತಿತ್ತು. ಕೂತವರು ಹೇಳುತ್ತಲೇ ಬಂದರು. 1969ರಲ್ಲಿ ಗುಮ್ಮಟದಡಿ ಅಣಬೆಗಳಂಥ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿದ ಮೇಲೆ ಆ ಮಾರ್ದನಿ ತಗ್ಗಿತು. ಅಂದರೆ 98 ವರ್ಷ. ಅಷ್ಟೂ ಕಾಲ ದೂರಿದವರು ಹೇಳಿದ್ದು ನಿಜವನ್ನೇ.

ಬ್ಯಾಗಿನ ವಿಷಯ ಬೇರೆ. ಎ4 ಹಾಳೆಗಿಂತ ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ ಎಂದಾಗ ಜನ ಸಿಟ್ಟಾಗುತ್ತಾರೆ. 2017ರ ಮೇ 22ರ ರಾತ್ರಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಅರಿಯಾನಾ ಗ್ರಾಂಡೆಯ ಹಾಡು ಮುಗಿದು ಮಕ್ಕಳು ಹೊರಬರುತ್ತಿದ್ದಾಗ, ಬೆನ್ನಚೀಲದಲ್ಲಿ ಬಾಂಬು ಹೊತ್ತು ಬಂದವನೊಬ್ಬ 22 ಜನರನ್ನು ಕೊಂದ. ಮಕ್ಕಳನ್ನು ಕರೆದೊಯ್ಯಲು ಬಂದು ಹೊರಗೆ ಕಾದಿದ್ದ ತಂದೆತಾಯಿಯರೂ ಅದರಲ್ಲಿ ಸತ್ತರು. ಸತ್ತವರಲ್ಲಿ 29 ವರ್ಷದ ಮಾರ್ಟಿನ್ ಹೆಟ್ ಒಬ್ಬ. ಅವನ ತಾಯಿ ಫಿಗೆನ್ ಮರ್ರೆ ವರ್ಷಗಟ್ಟಲೆ ಹೋರಾಡಿದ ಮೇಲೆ, ಜನ ಸೇರುವ ಕಟ್ಟಡಗಳ ರಕ್ಷಣೆಗೆಂದು 2025ರ ಏಪ್ರಿಲ್‌ನಲ್ಲಿ ಇಲ್ಲಿ ಕಾನೂನು ಬಂತು. ಜನ ಅದನ್ನು ಮಗನ ಹೆಸರಿನಿಂದಲೇ ಕರೆಯುತ್ತಾರೆ. ಹಾಗಾಗಿ ಪ್ರತಿಯೊಬ್ಬರನ್ನೂ ಅನುಮಾನಿಸುತ್ತಲೇ ಪ್ರತಿಯೊಬ್ಬರನ್ನೂ ಬರಮಾಡಿಕೊಳ್ಳಬೇಕಾದ ಕಷ್ಟ ನಮ್ಮದು. ಬಂದವನನ್ನು ದೇವರೆಂದು ತಿಳಿ ಎಂದು ತೈತ್ತಿರೀಯ ಉಪನಿಷತ್ತು ಶಿಷ್ಯನಿಗೆ ಹೇಳಿದಾಗ ಬಾಗಿಲಿಗೆ ಬರುತ್ತಿದ್ದವನು ಒಬ್ಬ. ನಮ್ಮಲ್ಲಿಗೆ ಒಂದೇ ತಾಸಿನಲ್ಲಿ ಸಾವಿರ ಸಾವಿರ ಜನ. ಒಬ್ಬರ ಚೀಲ ತಡಕುವುದು ಉಳಿದವರಿಗೆ ನಾವು ಮಾಡುವ ಉಪಚಾರ ಎಂದೇ ನಾನು ನಂಬಿದ್ದೇನೆ. ಆದರೂ ತಡಕುವ ಕೈಯಲ್ಲಿ ವ್ಯತ್ಯಾಸವಿದೆ. ಮುಖ ನೋಡಿ, ‘ಸ್ವಲ್ಪ ತೆರೀತೀರಾ?’ ಎಂದು ಕೇಳಿದವರ ಮೇಲೆ ದೂರು ಬಂದದ್ದನ್ನು ನಾನು ಈವರೆಗೆ ಕಂಡಿಲ್ಲ.

ಹೆಚ್ಚಿನ ಕಾಗದಗಳು ಹಣ ವಾಪಸು ಕೊಡಿ ಎಂದು ಶುರುವಾಗುತ್ತವೆ. ಕೊನೆಯವರೆಗೆ ಓದಿದರೆ ಕೆಳಗೆ ಬೇರೊಂದು ಸಾಲು ಇರುತ್ತದೆ: ಮೂರು ಸಲ ಕೌಂಟರಿಗೆ ಹೋದೆ, ಒಬ್ಬರೂ ತಲೆ ಎತ್ತಲಿಲ್ಲ. ಬಸವಣ್ಣನ ವಚನವೊಂದು ನನಗೆ ಆಗೆಲ್ಲ ನೆನಪಾಗುತ್ತದೆ. ಬಂದವರನ್ನು ಮಾತಾಡಿಸದ, ಕೂರಿ ಎನ್ನದ ಮನೆಯವರ ಮೇಲೆ ಅವನಿಗೆ ತಡೆಯಲಾರದ ಸಿಟ್ಟು. ಕೊಡಲು ಏನೂ ಇಲ್ಲದ ಬಡತನವನ್ನು ಅವನು ಮನ್ನಿಸುತ್ತಾನೆ. ಒಂದು ಒಳ್ಳೆಯ ಮಾತಿಗೂ ಬಡತನವೇ ಎಂಬುದು ಅವನ ಪ್ರಶ್ನೆ.

ಕಳೆದ ಚಳಿಗಾಲದಲ್ಲಿ ಬಂದ ಒಂದು ಕಾಗದದಲ್ಲಿ ಹಣದ ಮಾತೇ ಇರಲಿಲ್ಲ. ಬರೆದವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು, ಗಾಲಿಕುರ್ಚಿಯಲ್ಲಿ ಓಡಾಡುವವರು. ಹೆಂಡತಿಯ ಜೊತೆ, ಇಬ್ಬರೂ ಪ್ರಾಯದಲ್ಲಿ ಮೆಚ್ಚಿದ ಗಾಯಕನನ್ನು ಕೇಳಲು ಬಂದಿದ್ದರು. ಗಾಲಿಕುರ್ಚಿಗಳಿಗೆಂದೇ ಎತ್ತರದ ಕಟ್ಟೆ ಇದೆ. 2010ರ ಸಮಾನತಾ ಕಾಯಿದೆಯ ಪ್ರಕಾರ ಅಂಗವಿಕಲರಿಗೆ ಬೇಕಾದ ಅನುಕೂಲ ಮಾಡಿಕೊಡುವುದು ನಮ್ಮ ಕರ್ತವ್ಯ. ಜೊತೆಗೆ ಬಂದ ಹೆಂಡತಿಯ ಟಿಕೆಟ್ಟಿಗೆ ನಾವು ಹಣ ಕೂಡ ತೆಗೆದುಕೊಂಡಿರಲಿಲ್ಲ. ಕಾಗದಪತ್ರದ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು. ಆದರೆ ಮೊದಲ ಹಾಡಿಗೇ ಮುಂದಿನ ಸಾಲಿನವರು ಎದ್ದು ನಿಂತರು, ಕೊನೆಯವರೆಗೂ ಕೂರಲಿಲ್ಲ. ಕಟ್ಟೆಯ ಎತ್ತರ ಕೂತವರ ತಲೆಯ ಮೇಲಿಂದ ನೋಡಲು ಸಾಕು, ನಿಂತವರ ತಲೆಯ ಮೇಲಿಂದ ನೋಡಲು ಸಾಲದು. ನನ್ನ ಹೆಂಡತಿಯೂ ನಿಲ್ಲಲಿಲ್ಲ, ನನ್ನ ಪಕ್ಕ ಕೂತೇ ಇದ್ದಳು ಎಂದು ಅವರು ಬರೆದಿದ್ದರು.

ನಮ್ಮಲ್ಲಿ ಇಂಥದ್ದಕ್ಕೊಂದು ರೂಢಿ ಇದೆ. ವಿಷಾದ ತಿಳಿಸಿ, ಮುಂದಿನ ಕಾರ್ಯಕ್ರಮಕ್ಕೆ ಎರಡು ಟಿಕೆಟ್ಟು, ತಿಂಡಿಗೊಂದು ವೋಚರ್ ಕಳಿಸುತ್ತೇವೆ. ಅದನ್ನು ಬರೆಯಲು ಕೂತಾಗ ನಚಿಕೇತ ಎದುರು ನಿಂತ. ಕಠೋಪನಿಷತ್ತಿನ ಆ ಹುಡುಗ ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಅನ್ನ ನೀರಿಲ್ಲದೆ ಕಾದ. ಯಮ ಊರಲ್ಲಿರಲಿಲ್ಲ. ಹಿಂದಿರುಗಿದವನಿಗೆ ಮನೆಯವರು ಹೇಳಿದ್ದು ಇಷ್ಟೇ: ಅತಿಥಿ ಬೆಂಕಿಯ ಹಾಗೆ ಬಂದಿದ್ದಾನೆ, ಮೊದಲು ನೀರು ತಾ. ಹುಡುಗ ದೂರಲಿಲ್ಲ. ತಪ್ಪು ತನ್ನದೆಂದು ಯಮನೇ ಮೊದಲು ಹೇಳಿದ, ಒಂದೊಂದು ರಾತ್ರಿಗೆ ಒಂದೊಂದು ವರ ಕೊಟ್ಟ. ಮೂರನೆಯ ವರಕ್ಕೆ ಬಂದಾಗ ಮಾತ್ರ ಹಿಂಜರಿದ. ಸತ್ತ ಮೇಲೆ ಏನು ಎಂದು ಹುಡುಗ ಕೇಳಿದ್ದಕ್ಕೆ ಅದರ ಬದಲು ಆನೆ, ಚಿನ್ನ, ರಥ, ವಾದ್ಯ ಹಿಡಿದ ಅಪ್ಸರೆಯರು ಎಂದು ಪಟ್ಟಿ ಒಪ್ಪಿಸಿದ. ಆ ಕುಣಿತ, ಆ ಹಾಡು ನಿನ್ನಲ್ಲೇ ಇರಲಿ ಎಂದ ನಚಿಕೇತ.

ಚಿಕ್ಕಂದಿನಿಂದ ಆ ಕಥೆಯನ್ನು ಸಾವಿನ ಕಥೆಯೆಂದೇ ಕೇಳಿದ್ದೆ. ಮೇಜಿನ ಮೇಲಿದ್ದ ವೋಚರ್ ನೋಡುತ್ತ, ಅದು ಆತಿಥ್ಯದ ಕಥೆಯೂ ಹೌದು ಅನ್ನಿಸಿತು. ಅತಿಥಿಗೆ ತಪ್ಪಿ ನಡೆದವನು ಏನು ಕೊಡಬೇಕೆಂದು ತಾನೇ ನಿರ್ಧರಿಸುವಂತಿಲ್ಲ. ನಾಲ್ಕು ವರ್ಷ ನಾನು ಕಳಿಸಿದ ವೋಚರ್‌ಗಳೆಲ್ಲ ಯಾರೂ ಕೇಳದೆ ಇದ್ದ ಆನೆಗಳು. ಆ ದಿನ ಕಾಗದ ಬರೆಯುವುದನ್ನು ಬಿಟ್ಟು ಅವರಿಗೆ ಫೋನ್ ಮಾಡಿದೆ. ತಪ್ಪು ನಮ್ಮದು ಎಂದೆ. ನಿಮಗೆ ಏನು ಬೇಕು ಎಂದು ಕೇಳಿದೆ.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ‘ನಿಮ್ಮವರು ಯಾರಾದರೂ ಒಂದು ದಿನ ನನ್ನ ಎತ್ತರದಲ್ಲಿ ಕೂತು ನೋಡ್ತಾರಾ?’ ಎಂದರು.

ಆ ಶನಿವಾರ ಮ್ಯಾನೇಜರನ್ನು ಕೇಳಿಕೊಂಡು, ಕಟ್ಟೆಯ ತುದಿಯಲ್ಲಿ ಖಾಲಿಯಿದ್ದ ಜಾಗದಲ್ಲಿ ಒಂದು ಗಾಲಿಕುರ್ಚಿ ಹಾಕಿ ಕೂತೆ. ದೀಪ ಆರಿತು. ಡ್ರಮ್ಮಿನ ಮೊದಲ ಪೆಟ್ಟಿಗೇ ಮುಂದಿನ ಸಾಲು ಎದ್ದಿತು. ಕೋಟುಗಳು, ಬೆನ್ನುಗಳು, ಮೇಲೆತ್ತಿದ ಕೈಗಳು. ಅವುಗಳ ಅಂಚಿಗೆ ವೇದಿಕೆಯ ನೀಲಿ ಬೆಳಕು. ಪಕ್ಕದ ಕುರ್ಚಿಯಲ್ಲಿದ್ದ ಹುಡುಗಿ ನನ್ನ ಕಡೆ ತಿರುಗಿ, ಇಲ್ಲಿ ಹೀಗೇ, ದೊಡ್ಡ ಪರದೆ ನೋಡಿ, ಎಡಕ್ಕೆ ವಾಲಿದರೆ ಕಾಣುತ್ತದೆ ಎಂದು ತೋರಿಸಿಕೊಟ್ಟಳು. ನನ್ನ ಅಂಗಿಯ ಮೇಲಿನ ಬ್ಯಾಡ್ಜ್ ಅವಳಿಗೆ ಕಂಡಿರಲಿಲ್ಲ. ತನ್ನ ಬಾಟಲಿಯಿಂದ ನೀರು ಬೇಕೇ ಎಂದೂ ಕೇಳಿದಳು. ಮೂರು ಹಾಡು ಮುಗಿಯುವವರೆಗೆ ಅಲ್ಲೇ ಎಡಕ್ಕೆ ವಾಲಿಕೊಂಡು ಕೂತಿದ್ದೆ.