ನದಿಯ ಪಾವಿತ್ರ್ಯ ಮತ್ತು ದಡದ ಮಣ್ಣು

ನದಿಯ ಶುದ್ಧಿ ನೀರಿನ ಸ್ವಭಾವವೋ, ಬಿಡದೆ ನಡೆಯುತ್ತಿರಬೇಕಾದ ಕೆಲಸವೋ? ತುಲಾ ಸಂಕ್ರಮಣದಂದು ಕಾವೇರಿಯಲ್ಲಿ ಮುಳುಗೇಳುವ ಭಕ್ತರಿಗೆ ಅದು ಸ್ವಭಾವ. ಮಣ್ಣಿನ ವಿಜ್ಞಾನ ಅದನ್ನು ಕೆಲಸವೆಂದೇ ಕಾಣುತ್ತದೆ. ಅದರಲ್ಲಿ ದೊಡ್ಡ ಪಾಲು ನಡೆಯುವುದು ನೀರೂ ನೆಲವೂ ಕೂಡುವ ಕಿರಿದಾದ ಪಟ್ಟಿಯಲ್ಲಿ, ಅಂದರೆ ದಡದಲ್ಲಿ.

ಹೊಲಕ್ಕೆ ಹಾಕಿದ ಗೊಬ್ಬರದ ಸಾರಜನಕ ನೈಟ್ರೇಟ್ ಆಗಿ ನೀರಿನಲ್ಲಿ ಕರಗಿ, ಅಂತರ್ಜಲದೊಡನೆ ಹೊಳೆಯ ಕಡೆಗೆ ಜಿನುಗುತ್ತದೆ. ದಡದ ಒದ್ದೆ ಮಣ್ಣಿನಲ್ಲಿ ಆಮ್ಲಜನಕ ಕಡಿಮೆ, ಕೊಳೆತ ತರಗೆಲೆ ಹೆಚ್ಚು. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ, ಸಾರಜನಕವನ್ನು ಅನಿಲವಾಗಿ ಗಾಳಿಗೆ ಮರಳಿಸುತ್ತವೆ. ಒಂದಷ್ಟನ್ನು ಹೊಳೆಮತ್ತಿ, ಹೊಂಗೆ, ನೇರಳೆ ಮರಗಳ ಬೇರುಗಳು ಹೀರಿಕೊಳ್ಳುತ್ತವೆ. ರಂಜಕದ ದಾರಿ ಬೇರೆ: ಅದು ಮಣ್ಣಿನ ಕಣಗಳಿಗೆ, ಮುಖ್ಯವಾಗಿ ಕಬ್ಬಿಣದ ಅಂಶಕ್ಕೆ, ಅಂಟಿಕೊಂಡು ಬಂದು ದಡದ ಹುಲ್ಲಿನಲ್ಲಿ ತಂಗುತ್ತದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೆಕ್ಕೆಜೋಳದ ಹೊಲದಿಂದ ಹರಿದುಬಂದ ಸಾರಜನಕದ ಬಹುಪಾಲನ್ನು ತೊರೆಯಂಚಿನ ಕಾಡು ತಡೆದಿದ್ದನ್ನು ತೋರಿಸಿತು.

ಇಲ್ಲಿ ಯಾವುದೂ ನಾಶವಾಗುವುದಿಲ್ಲ ಎಂಬುದು ತತ್ತ್ವದ ದೃಷ್ಟಿಯಿಂದ ಮುಖ್ಯ. ಪ್ರತಿಯೊಂದು ದ್ರವ್ಯಕ್ಕೂ ಉತ್ಪಾದ, ವ್ಯಯ, ಧ್ರೌವ್ಯಗಳು ಒಟ್ಟಿಗೇ ಇವೆ ಎನ್ನುತ್ತದೆ ಜೈನದರ್ಶನ. ನೈಟ್ರೇಟ್ ರೂಪ ಅಳಿಯುತ್ತದೆ, ಅನಿಲ ರೂಪ ಹುಟ್ಟುತ್ತದೆ, ಸಾರಜನಕ ಉಳಿಯುತ್ತದೆ. ರಂಜಕವಂತೂ ದಡದಲ್ಲೇ ಕೂತಿರುತ್ತದೆ. ಕೊಳೆ ಇಲ್ಲವಾಯಿತು ಎಂಬುದಕ್ಕಿಂತ, ತೊಂದರೆ ಕೊಡದ ರೂಪಕ್ಕೋ ಜಾಗಕ್ಕೋ ಹೋಯಿತು ಎನ್ನುವುದೇ ಸರಿ. ಹಾಗೆ ಹೋದದ್ದು ಮರಳಿಯೂ ಬರಬಹುದು.

ಹವಾಮಾನ ಬದಲಾದಂತೆ ಈ ಮರಳಿಕೆಯ ಭಯ ಹೆಚ್ಚುತ್ತಿದೆ. ದಡದ ಕೆಲಸವೆಲ್ಲ ತೇವದ ಹದವನ್ನು ನೆಚ್ಚಿಕೊಂಡಿದೆ. ಬರ ಬಿದ್ದಾಗ ಅಂತರ್ಜಲ ಇಳಿದು ಮಣ್ಣಿನೊಳಗೆ ಗಾಳಿ ನುಗ್ಗುತ್ತದೆ, ನೈಟ್ರೇಟ್ ಅನಿಲವಾಗದೆ ಶೇಖರವಾಗುತ್ತದೆ, ಮೊದಲ ಬಿರುಮಳೆ ಅದನ್ನು ಹೊಳೆಗೆ ತಳ್ಳುತ್ತದೆ. ನೆರೆನೀರು ಬಹುದಿನ ನಿಂತರೆ ಕಬ್ಬಿಣದ ರೂಪ ಬದಲಾಗಿ, ಅದು ಹಿಡಿದಿಟ್ಟ ರಂಜಕ ಬಿಟ್ಟುಹೋಗುತ್ತದೆ. ಬ್ಯಾಕ್ಟೀರಿಯಾಗಳ ಕೆಲಸ ಅರ್ಧಕ್ಕೆ ನಿಂತರೆ ಹೊರಬರುವುದು ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. 2018 ಮತ್ತು 2019ರಲ್ಲಿ ಕೊಡಗು ನೆರೆಗೂ ಭೂಕುಸಿತಕ್ಕೂ ತುತ್ತಾಯಿತು. 2023ರಲ್ಲಿ ಕಾವೇರಿ ಕಣಿವೆ ಮಳೆಯ ಕೊರತೆಯಿಂದ ಬಳಲಿತು. ಒಂದೇ ದಡ ಇಷ್ಟು ಬೇಗ ಎರಡೂ ತುದಿಗಳನ್ನು ತಾಳಿಕೊಳ್ಳಬೇಕಾಗಿದೆ.

ಶುದ್ಧಿಯ ಇಷ್ಟು ಕೆಲಸ ದಡದ್ದಾದರೆ, ಪೂಜ್ಯವಾದದ್ದರ ಗಡಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಮನುಸ್ಮೃತಿ ಮಲಮೂತ್ರ ವಿಸರ್ಜನೆಯನ್ನು ನೀರಿನಲ್ಲಿ ಮಾತ್ರವಲ್ಲ, ನದೀತೀರದಲ್ಲೂ ನಿಷೇಧಿಸುತ್ತದೆ. ನ್ಯೂಜಿಲೆಂಡ್ 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನ ವ್ಯಕ್ತಿತ್ವ ಕೊಟ್ಟಾಗ, ಬೆಟ್ಟದಿಂದ ಕಡಲಿನವರೆಗಿನ ಅಖಂಡ ಜೀವವೆಂದು ಅದನ್ನು ಗುರುತಿಸಿತು. ಅದೇ ವರ್ಷ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರಿಗೂ ಅಂಥ ಸ್ಥಾನ ಕೊಟ್ಟಿತು. ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. ಆದರೆ ರೂಢಿಯಲ್ಲಿ ಆರತಿ ನೀರಿಗೆ, ಕಾಂಕ್ರೀಟ್ ದಡಕ್ಕೆ. ಕ್ಷೇತ್ರದ ನಾಲ್ಕಾರು ಸೋಪಾನಗಳಿಂದ ದೊಡ್ಡ ಹಾನಿಯಿಲ್ಲ. ಊರುದ್ದಕ್ಕೂ ಎಬ್ಬಿಸಿದ ಗೋಡೆ, ನೀರಂಚಿನವರೆಗೆ ಉತ್ತ ಹೊಲ, ಬಗೆದ ಮರಳು ಇವು ದಡವನ್ನು ದಡವಾಗಿ ಉಳಿಸುವುದಿಲ್ಲ.

ಶುದ್ಧಿಯನ್ನು ಕೆಲಸವೆಂದು ಕರೆದರೆ ನದಿಯ ಮಹಿಮೆ ಕುಗ್ಗುತ್ತದೆ ಎಂಬ ಆಕ್ಷೇಪ ಬರಬಹುದು. ಕಾಯಕವನ್ನೇ ಪೂಜೆಯೆಂದು ತಿಳಿದ ಶರಣರ ನಾಡಿನಲ್ಲಿ ಈ ಆಕ್ಷೇಪಕ್ಕೆ ಬಲ ಸಾಲದು. ನಿಜವಾದ ತೊಡಕು ಬೇರೆ: ಈ ಕಾಯಕಕ್ಕೆ ಮಿತಿ ಇದೆ. ರಂಜಕ ತುಂಬಿ ತುಳುಕುವ ಮಣ್ಣು ಇನ್ನಷ್ಟನ್ನು ಹಿಡಿಯಲಾರದು. ಕೊಳವೆಯಲ್ಲಿ ನೇರ ಹೊಳೆಗೆ ಬೀಳುವ ಊರಿನ ಒಳಚರಂಡಿ ನೀರಿಗಂತೂ ದಡದ ಮಣ್ಣಿನ ಸ್ಪರ್ಶವೇ ಇಲ್ಲ.