ಗಣನೆಯೂ ಕಾರಣವೂ

ಚಂದ್ರಗ್ರಹಣದ ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲಗಳು ಪಂಚಾಂಗದಲ್ಲಿ ಬಹು ಮುಂಚಿತವಾಗಿಯೇ ಅಚ್ಚಾಗಿರುತ್ತವೆ. ಆ ರಾತ್ರಿ ಬಂದಾಗ ಮನೆಯ ಹಿರಿಯರು ಗಡಿಯಾರವನ್ನು ನೋಡುತ್ತ ಸ್ನಾನಕ್ಕೆ ಸಿದ್ಧರಾಗುತ್ತಾರೆ. ಹುಡುಗರು ಅಂಗಳದಲ್ಲಿ ಕಾದು ನಿಲ್ಲುತ್ತಾರೆ. ಹೇಳಿದ ನಿಮಿಷಕ್ಕೆ ಸರಿಯಾಗಿ ಬಿಂಬದ ಅಂಚು ಮಸುಕಾಗುತ್ತದೆ. ಇದನ್ನು ಕಂಡವನಿಗೆ ಆಕಾಶದ ಗುಟ್ಟೆಲ್ಲವೂ ಗಣಿತದ ಕೈವಶವಾಗಿದೆಯೆಂಬ ಭಾವನೆ ಹುಟ್ಟುವುದು ಸಹಜವೇ. ಆದರೆ ಮುಂದೆ ನಡೆಯುವುದನ್ನು ಹೇಳಬಲ್ಲವನು ಅದು ಏಕೆ ನಡೆಯುತ್ತದೆಂಬುದನ್ನೂ ಬಲ್ಲನೇ? ಈ ಎರಡೂ ಒಂದೇ ಎಂದು ಭಾವಿಸುವ ಅಭ್ಯಾಸ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿರುವುದರಿಂದ, ಇವುಗಳನ್ನು ಬಿಡಿಸಿ ನೋಡುವುದು ಅವಶ್ಯಕವಾಗಿದೆ.

ಪ್ರಾಚೀನ ಬ್ಯಾಬಿಲೋನಿಯದ ಗಣಕರು ೨೨೩ ಚಾಂದ್ರಮಾಸಗಳಿಗೊಮ್ಮೆ, ಎಂದರೆ ಸುಮಾರು ೧೮ ವರ್ಷ ೧೧ ದಿನಗಳಿಗೊಮ್ಮೆ, ಗ್ರಹಣಗಳು ಅದೇ ಕ್ರಮದಲ್ಲಿ ಮರಳಿ ಬರುತ್ತವೆಯೆಂಬುದನ್ನು ಕಂಡುಕೊಂಡಿದ್ದರು. ತಲೆಮಾರುಗಳಿಂದ ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟ ದಾಖಲೆಗಳೇ ಅವರಿಗೆ ಆಧಾರ. ಆ ಲೆಕ್ಕಕ್ಕೆ ಭೂಮಿಯ ನೆರಳಿನ ಕಲ್ಪನೆ ಬೇಕಾಗಿರಲಿಲ್ಲ; ಎಣಿಸಬಲ್ಲ ತಾಳ್ಮೆಯೊಂದಿದ್ದರೆ ಸಾಕಾಗಿತ್ತು. ಕ್ರಿ. ಶ. ೪೯೯ರ ಆರ್ಯಭಟನಾದರೋ ಭೂಮಿಯ ನೆರಳು ಚಂದ್ರನನ್ನು ಮುಚ್ಚುವುದೇ ಗ್ರಹಣವೆಂದು ಸಾರಿ, ಆ ನೆರಳಿನ ಉದ್ದವನ್ನೂ ಲೆಕ್ಕಹಾಕಿದನು. ಮುನ್ಸೂಚನೆ ಇಬ್ಬರಲ್ಲೂ ಉಂಟು. ಕಾರಣವನ್ನು ಹೇಳುವ ಮಾತು ಒಬ್ಬನಲ್ಲಿ ಮಾತ್ರ ಉಂಟು. ಅನುಮಾನಪ್ರಮಾಣವನ್ನು ಚರ್ಚಿಸುವಾಗ ಶಾಸ್ತ್ರಕಾರರು ಕೊಡುವ ಪ್ರಸಿದ್ಧವಾದ ಉದಾಹರಣೆಯೊಂದಿದೆ: ಕೃತ್ತಿಕೆ ಉದಯಿಸಿದ್ದನ್ನು ಕಂಡವನು ಇನ್ನು ಸ್ವಲ್ಪ ಹೊತ್ತಿನಲ್ಲಿಯೇ ರೋಹಿಣಿಯೂ ಉದಯಿಸುವಳೆಂದು ಊಹಿಸುತ್ತಾನೆ. ಊಹೆ ನಿರ್ದುಷ್ಟವಾದುದು, ಒಂದು ದಿನವೂ ತಪ್ಪುವುದಿಲ್ಲ. ಆದರೂ ಕೃತ್ತಿಕೆಯೇನೂ ರೋಹಿಣಿಯನ್ನು ಕೈಹಿಡಿದು ಮೇಲಕ್ಕೆ ಎಳೆಯುವುದಿಲ್ಲ. ವ್ಯಾಪ್ತಿ ಬೇರೆ, ಕಾರಣತ್ವ ಬೇರೆ.

ಭಾರತದ ಜ್ಯೌತಿಷಗ್ರಂಥಗಳು ಈ ಭೇದವನ್ನು ಅರಿಯದವುಗಳಲ್ಲ. ಗ್ರಹಗಳು ಒಮ್ಮೆ ವೇಗವಾಗಿಯೂ ಒಮ್ಮೆ ಮಂದವಾಗಿಯೂ ಒಮ್ಮೊಮ್ಮೆ ವಕ್ರವಾಗಿಯೂ ಚಲಿಸುವುದಕ್ಕೆ ಸೂರ್ಯಸಿದ್ಧಾಂತವು ಒಂದು ಕಾರಣವನ್ನು ಹೇಳುತ್ತದೆ. ಉಚ್ಚ, ಪಾತ ಎಂಬ ಹೆಸರಿನ ಕಾಲಮೂರ್ತಿಗಳು ಕಣ್ಣಿಗೆ ಕಾಣದೆ ಆಕಾಶದಲ್ಲಿದ್ದು, ಗಾಳಿಯ ಹಗ್ಗಗಳಿಂದ ಗ್ರಹಗಳನ್ನು ತಮ್ಮ ಕಡೆಗೆ ಸೆಳೆಯುತ್ತವೆಯಂತೆ. ಆ ಗ್ರಂಥದ ಲೆಕ್ಕವು ಶತಮಾನಗಳ ಕಾಲ ಪಂಚಾಂಗಗಳನ್ನು ನಡೆಯಿಸಿತು. ಗಾಳಿಯ ಹಗ್ಗಗಳನ್ನು ಇಂದು ಯಾರೂ ನಂಬುವುದಿಲ್ಲ. ಲೆಕ್ಕ ಉಳಿದು ಕಾರಣ ಅಳಿಯಿತು. ಇದು ಮತ್ತೆ ಮತ್ತೆ ನಡೆದಿರುವ ಸಂಗತಿಯಾದುದರಿಂದ ಗಮನಾರ್ಹವಾಗಿದೆ. ಕ್ರಿ. ಶ. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು (ಅವನ ಊರಾದ ವಿಜ್ಜಡವಿಡವು ಬಿಜಾಪುರವೇ ಅಲ್ಲವೇ ಎಂಬ ವಿವಾದ ಇನ್ನೂ ತೀರಿಲ್ಲ) ತನ್ನ ಗ್ರಂಥಕ್ಕೆ ತಾನೇ ವಾಸನಾಭಾಷ್ಯವೆಂಬ ವ್ಯಾಖ್ಯಾನವನ್ನು ಬರೆದನು. ವಾಸನೆಯೆಂದರೆ ಇಲ್ಲಿ ಉಪಪತ್ತಿ. ಸೂತ್ರವು ಹೀಗೇ ಏಕಿರಬೇಕು ಎಂಬುದರ ನಿರೂಪಣೆ. ಬರಿಯ ಸೂತ್ರದಿಂದ ತೃಪ್ತನಾಗದ ಬುದ್ಧಿ ಅದು.

ಇದೇ ಭಾಸ್ಕರನು ಗೋಲಾಧ್ಯಾಯದಲ್ಲಿ ಭೂಮಿಗೆ ಆಕರ್ಷಣಶಕ್ತಿಯಿದೆಯೆಂದೂ, ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಅದು ತನ್ನೆಡೆಗೆ ಸೆಳೆಯುವುದರಿಂದ ವಸ್ತು ಬೀಳುವಂತೆ ತೋರುತ್ತದೆಂದೂ ಹೇಳಿದ್ದಾನೆ. ಇದನ್ನು ಹಿಡಿದುಕೊಂಡು, ನ್ಯೂಟನ್ನನ ಸಿದ್ಧಾಂತವೆಲ್ಲ ಐದು ಶತಮಾನ ಮುಂಚೆಯೇ ಇಲ್ಲಿತ್ತೆಂದು ಅಭಿಮಾನಪಡುವವರುಂಟು. ಅಭಿಮಾನ ತಪ್ಪಲ್ಲ, ಆದರೆ ವಿಚಾರ ಅದಕ್ಕಿಂತ ಸ್ವಾರಸ್ಯವಾಗಿದೆ. ಭಾಸ್ಕರನು ಕಾರಣವನ್ನು ಹೆಸರಿಸಿದನು, ಅದರ ಪ್ರಮಾಣವನ್ನು ಹೇಳಲಿಲ್ಲ. ೧೬೮೭ರಲ್ಲಿ ಪ್ರಿನ್ಸಿಪಿಯಾ ಎಂಬ ಗ್ರಂಥವನ್ನು ಪ್ರಕಟಿಸಿದ ನ್ಯೂಟನ್ನನು ಪ್ರಮಾಣವನ್ನು ಹೇಳಿದನು, ಕಾರಣವನ್ನು ಹೇಳಲಿಲ್ಲ.

ನ್ಯೂಟನ್ನನ ಲೆಕ್ಕಗಳಲ್ಲಿ ಒಂದನ್ನು ಯಾವ ಮನೆಯವರಾದರೂ ಮಾಡಿನೋಡಬಹುದು. ಭೂಮಿಯ ಮೇಲೆ ಕೈಬಿಟ್ಟ ಕಲ್ಲು ಮೊದಲನೆಯ ಸೆಕೆಂಡಿನಲ್ಲಿ ಸುಮಾರು ೧೬ ಅಡಿ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಚಂದ್ರನಿರುವ ದೂರವು ಭೂಮಿಯ ತ್ರಿಜ್ಯದ ೬೦ರಷ್ಟು. ಸೆಳೆತವು ದೂರದ ವರ್ಗಕ್ಕೆ ಅನುಸಾರವಾಗಿ ಕಡಮೆಯಾಗುವುದಾದರೆ, ಅಲ್ಲಿ ಅದು ಇಲ್ಲಿನ ೩೬೦೦ರಲ್ಲಿ ಒಂದು ಪಾಲು ಮಾತ್ರ. ಬೀಳುವ ದೂರವು ಕಾಲದ ವರ್ಗದಂತೆ ಹೆಚ್ಚುವುದರಿಂದ, ಕಲ್ಲು ಇಲ್ಲಿ ಒಂದು ಸೆಕೆಂಡಿನಲ್ಲಿ ಬಿದ್ದಷ್ಟು ದೂರವನ್ನು ಚಂದ್ರನು ಅಲ್ಲಿ ೬೦ ಸೆಕೆಂಡುಗಳಲ್ಲಿ, ಎಂದರೆ ಒಂದು ನಿಮಿಷದಲ್ಲಿ, ಬೀಳಬೇಕು. ಚಂದ್ರನು ಬೀಳುವುದೆಂದರೇನು? ನೇರವಾಗಿ ಹೋಗಬೇಕಾದವನು ದಾರಿಯಿಂದ ಭೂಮಿಯ ಕಡೆಗೆ ಬಾಗುವುದೇ ಬೀಳುವುದು. ಅವನ ಪ್ರದಕ್ಷಿಣೆಯ ಕಾಲದಿಂದಲೂ ಕಕ್ಷೆಯ ಅಳತೆಯಿಂದಲೂ ಆ ಬಾಗನ್ನು ಲೆಕ್ಕಹಾಕಿದರೆ ಒಂದು ನಿಮಿಷಕ್ಕೆ ಸುಮಾರು ೧೬ ಅಡಿಯೇ ಬರುತ್ತದೆ.

ತೋಟದಲ್ಲಿ ಬೀಳುವ ತೆಂಗಿನಕಾಯಿಯೂ ಬೀಳದೆ ಸುತ್ತುವ ಚಂದ್ರನೂ ಒಂದೇ ವ್ಯಾಪಾರದ ಎರಡು ರೂಪಗಳೆಂದು ಈ ಲೆಕ್ಕದಿಂದ ಸಿದ್ಧವಾಯಿತು. ಬ್ಯಾಬಿಲೋನಿಯದ ಎಣಿಕೆಯಂತೆ ಇದು ಕೇವಲ ಮುನ್ಸೂಚನೆಯಲ್ಲ. ಎರಡೆಂದು ಕಂಡದ್ದನ್ನು ಒಂದೆಂದು ತೋರಿಸುವುದು ವಿವರಣೆಯಲ್ಲವೆನ್ನುವುದು ಹಟಮಾರಿತನವಾದೀತು. ಆದರೆ ಆ ಒಂದು ಯಾವುದು? ನಡುವೆ ಏನೂ ಇಲ್ಲದಿರುವಾಗ ಭೂಮಿಯು ಅಷ್ಟು ದೂರದ ಚಂದ್ರನನ್ನು ಮುಟ್ಟುವುದು ಹೇಗೆ? ೧೭೧೩ರಲ್ಲಿ ಹೊರಟ ಎರಡನೆಯ ಆವೃತ್ತಿಯಲ್ಲಿ ನ್ಯೂಟನ್ನನು ಈ ಶಕ್ತಿಯ ಕಾರಣವನ್ನು ತಾನು ಕಂಡುಹಿಡಿಯಲಾಗಿಲ್ಲವೆಂದೂ, ಆಧಾರವಿಲ್ಲದೆ ಕಲ್ಪಿಸಿ ಹೇಳುವವನಲ್ಲವೆಂದೂ ಸ್ಪಷ್ಟಪಡಿಸಿದನು. ಗಾಳಿಯ ಹಗ್ಗಗಳನ್ನು ಹೆಣೆಯುವುದು ಅವನಿಗೆ ಕಷ್ಟವಾಗಿರಲಿಲ್ಲ, ಬೇಡವೆಂದು ಬಿಟ್ಟನು. ಇಂದಿನ ಪಾಠಶಾಲೆಗಳಲ್ಲಿ ಆ ಸತ್ಯನಿಷ್ಠೆ ಅಪೂರ್ವವಾಗಿದೆ. ಕಲ್ಲು ಏಕೆ ಬೀಳುತ್ತದೆಂದು ಹುಡುಗನು ಕೇಳುತ್ತಾನೆ. ಗುರುತ್ವಾಕರ್ಷಣದಿಂದ ಎಂಬ ಉತ್ತರ ಬರುತ್ತದೆ. ಹುಡುಗನು ಅದನ್ನು ಬರೆದುಕೊಂಡು ಮತ್ತೆ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಹೆಸರೊಂದನ್ನು ಕೊಟ್ಟು ಕಾರಣವನ್ನೇ ಕೊಟ್ಟಂತೆ ನಟಿಸುವುದು ಮಗುವಿನ ಕೈಯಿಂದ ನಾಣ್ಯವನ್ನು ಕಸಿದು ಬೆಣಚುಕಲ್ಲನ್ನಿಟ್ಟಂತೆ.

ಹಾಗಾದರೆ ಗಣಿತವು ಕೇವಲ ಉಪಕರಣ, ಜಗತ್ತಿನ ಸ್ವರೂಪಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಈ ಪಕ್ಷವೂ ಹಳೆಯದೇ. ೧೫೪೩ರಲ್ಲಿ ಕೊಪರ್ನಿಕಸನ ಗ್ರಂಥ ಹೊರಬಂದಾಗ, ಸೂರ್ಯನನ್ನು ನಡುವೆ ಇಟ್ಟುದು ನಿಜವೆಂದು ನಂಬಬೇಕಾದ್ದಿಲ್ಲ, ಲೆಕ್ಕವು ಕಣ್ಣಿಗೆ ಸರಿಬಂದರೆ ಸಾಕು ಎಂಬರ್ಥದ, ಹೆಸರಿಲ್ಲದ ಮುನ್ನುಡಿಯೊಂದು ಅದರಲ್ಲಿ ಸೇರಿತ್ತು. ಬರೆದವನು ಗ್ರಂಥಕರ್ತನಲ್ಲ, ಅಚ್ಚಿನ ಮೇಲ್ವಿಚಾರಣೆ ವಹಿಸಿದ್ದ ಓಸಿಯಾಂಡರ್ ಎಂಬ ಪಾದ್ರಿ. ವಿವಾದವನ್ನು ತಪ್ಪಿಸಿಕೊಳ್ಳಲು ಇದು ಸುಲಭವಾದ ಮಾರ್ಗವೇನೋ ಹೌದು. ಆದರೆ ಈ ಪಕ್ಷಕ್ಕೆ ೧೮೪೬ರಲ್ಲಿ ದೊಡ್ಡ ಪೆಟ್ಟು ಬಿತ್ತು.

೧೭೮೧ರಲ್ಲಿ ಕಂಡುಬಂದಿದ್ದ ಯುರೇನಸ್ ಗ್ರಹವು ಲೆಕ್ಕದ ದಾರಿಯನ್ನು ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಿತ್ತು. ಅದರಾಚೆ ಕಾಣದ ಗ್ರಹವೊಂದು ಅದನ್ನು ಸೆಳೆಯುತ್ತಿರಬೇಕೆಂದು ಊಹಿಸಿ, ಫ್ರಾನ್ಸಿನ ಲೆವೆರಿಯೆ ಎಂಬ ಗಣಿತಜ್ಞನು ಆ ಗ್ರಹದ ಸ್ಥಾನವನ್ನು ಕಾಗದದ ಮೇಲೆಯೇ ನಿರ್ಣಯಿಸಿದನು. ಇಂಗ್ಲೆಂಡಿನಲ್ಲಿ ಆಡಮ್ಸನೂ ಅದೇ ಕಾರ್ಯದಲ್ಲಿ ತೊಡಗಿದ್ದನು. ಲೆವೆರಿಯೆಯ ಕಾಗದವು ಬರ್ಲಿನ್ ವೀಕ್ಷಣಾಲಯಕ್ಕೆ ತಲಪಿದ ಸೆಪ್ಟೆಂಬರ್ ೨೩ರ ರಾತ್ರಿಯೇ ಗಾಲೆ ಎಂಬುವನು, ಹೇಳಿದ ಸ್ಥಳದಿಂದ ಒಂದು ಭಾಗೆಯೊಳಗೆ, ನೆಪ್ಚೂನನ್ನು ಕಂಡನು. ಗಣಿತವು ಬರಿಯ ಉಪಕರಣವಾಗಿದ್ದರೆ ಕಾಣದ ಲೋಕವೊಂದನ್ನು ಬೆರಳಿಟ್ಟು ತೋರಿಸಿದುದು ಹೇಗೆ?

ಕಥೆಯ ಉಳಿದ ಭಾಗವನ್ನು ಜನಪ್ರಿಯ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಹೊಸ ಗ್ರಹವು ಸೂರ್ಯನಿಂದ ಭೂಮಿಗಿರುವ ದೂರದ ೩೬ರಷ್ಟು ಆಚೆ ಇರುವುದೆಂದು ಲೆವೆರಿಯೆ ಎಣಿಸಿದ್ದನು. ಇದ್ದುದು ೩೦ರಷ್ಟು ದೂರದಲ್ಲಿ. ದಿಕ್ಕು ಸರಿ, ಕಕ್ಷೆ ತಪ್ಪು. ಇದಕ್ಕಿಂತ ಮುಖ್ಯವಾದುದು ಅವನ ಎರಡನೆಯ ಗ್ರಹದ ವೃತ್ತಾಂತ. ಬುಧಗ್ರಹವು ಸೂರ್ಯನಿಗೆ ಅತ್ಯಂತ ಸಮೀಪವಾಗುವ ಬಿಂದುವು ಲೆಕ್ಕಕ್ಕಿಂತ ಶತಮಾನಕ್ಕೆ ೩೮ ವಿಕಲೆಗಳಷ್ಟು ಮುಂದೆ ಸಾಗುತ್ತಿದೆಯೆಂದು ೧೮೫೯ರಲ್ಲಿ ಅವನೇ ತೋರಿಸಿದನು. ಇದನ್ನು ಮುಂದೆ ೪೩ ಎಂದು ತಿದ್ದಿದರು. ಒಂದು ಭಾಗೆಗೆ ೩೬೦೦ ವಿಕಲೆಗಳೆಂಬುದನ್ನು ನೆನೆದರೆ ಈ ವ್ಯತ್ಯಾಸದ ಸೂಕ್ಷ್ಮತೆ ತಿಳಿಯುತ್ತದೆ. ಯುರೇನಸ್ಸಿಗೆ ಹೇಳಿದ ಉತ್ತರವನ್ನೇ ಅವನು ಇಲ್ಲಿಯೂ ಹೇಳಿದನು: ಬುಧನಿಗೂ ಸೂರ್ಯನಿಗೂ ನಡುವೆ ಕಾಣದ ಗ್ರಹವಿರಬೇಕು. ಅದಕ್ಕೆ ವಲ್ಕನ್ ಎಂದು ನಾಮಕರಣವೂ ಆಯಿತು. ಕಂಡೆವೆಂದು ಹೇಳಿಕೊಂಡವರೂ ಹುಟ್ಟಿಕೊಂಡರು. ೧೮೭೭ರಲ್ಲಿ ಲೆವೆರಿಯೆ ತೀರಿಕೊಂಡನು; ವಲ್ಕನ್ ಸಿಕ್ಕಲಿಲ್ಲ. ೧೯೧೫ರ ನವೆಂಬರಿನಲ್ಲಿ ಐನ್‌ಸ್ಟೈನನು ಆಕರ್ಷಣದ ನಿಯಮವನ್ನೇ ಬದಲಾಯಿಸಿ, ದೇಶಕಾಲಗಳ ವಕ್ರತೆಯಿಂದ ಆ ೪೩ ವಿಕಲೆಗಳನ್ನು ಸಾಧಿಸಿದನು. ಗ್ರಹವಿರಲಿಲ್ಲ, ನಿಯಮವೇ ಅಪೂರ್ಣವಾಗಿತ್ತು.

ಗಣಿತಜ್ಞನು ಒಬ್ಬನೇ, ಯುಕ್ತಿ ಒಂದೇ, ಲೆಕ್ಕದ ದಕ್ಷತೆಯೂ ಒಂದೇ. ಒಮ್ಮೆ ಆಕಾಶವು ಹೌದೆಂದಿತು, ಒಮ್ಮೆ ಅಲ್ಲವೆಂದಿತು. ಲೆಕ್ಕದ ಹಾಳೆಯನ್ನು ಎಷ್ಟು ಹೊತ್ತು ನೋಡಿದರೂ ಇವೆರಡರಲ್ಲಿ ಯಾವುದು ನಿಜವೆಂಬುದು ಅದರಲ್ಲಿ ತೋರದು. ದೃಗ್ಗಣಿತವೆಂಬ ಪ್ರಾಚೀನ ಸಮಾಸದಲ್ಲಿ ದೃಕ್ಕು ಮೊದಲು ಬಂದಿರುವುದು ಕಾಕತಾಳೀಯವಾಗಿದ್ದರೂ ಉಚಿತವಾಗಿದೆ. ಕ್ರಿ. ಶ. ೧೪೩೧ರಲ್ಲಿ ಆ ಹೆಸರಿನ ಗ್ರಂಥವನ್ನು ಬರೆದ ಕೇರಳದ ಪರಮೇಶ್ವರನು ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ ಲೆಕ್ಕವನ್ನು ತಿದ್ದಿದವನು.

ಜಗತ್ತಿನೊಡನೆ ಗಣಿತಕ್ಕಿರುವ ಈ ಅರೆನಂಟಿಗೆ ಮೂಲವೇನು? ವೈಶೇಷಿಕರು ಸಂಖ್ಯೆಯನ್ನು ದ್ರವ್ಯದ ಇಪ್ಪತ್ತನಾಲ್ಕು ಗುಣಗಳಲ್ಲಿ ಒಂದೆಂದು ಗಣಿಸಿದರು. ಆದರೆ ಬಣ್ಣ, ರುಚಿಗಳಂತೆ ಅದು ವಸ್ತುವಿನಲ್ಲಿ ಸುಮ್ಮನೆ ಇರುವುದಿಲ್ಲ. ಎರಡು ಮಾವಿನಹಣ್ಣುಗಳ ಎರಡುತನವು ಹುಟ್ಟಬೇಕಾದರೆ, ಇದೊಂದು, ಇದೊಂದು ಎಂದು ಕೂಡಿಸಿ ನೋಡುವ ಅಪೇಕ್ಷಾಬುದ್ಧಿಯು ಬೇಕು. ಹಣ್ಣುಗಳು ಸಮವಾಯಿಕಾರಣ, ಬುದ್ಧಿಯು ನಿಮಿತ್ತಕಾರಣ. ಆ ಬುದ್ಧಿಯು ಎರಡುತನವನ್ನು ಹುಟ್ಟಿಸುವುದೋ ಅಥವಾ ಮೊದಲೇ ಇದ್ದುದನ್ನು ಬೆಳಗುವುದಷ್ಟೆಯೋ ಎಂಬ ಚರ್ಚೆಯು ವಿಜಯನಗರ ಕಾಲದ ಸರ್ವದರ್ಶನಸಂಗ್ರಹದಲ್ಲಿ ಬಂದಿದೆ. ಗಣಿತವು ಮನುಷ್ಯನ ನಿರ್ಮಾಣವೋ ಶೋಧನೆಯೋ ಎಂದು ಪಾಶ್ಚಾತ್ಯ ಪಂಡಿತರು ಇಂದು ಮಾಡುತ್ತಿರುವ ವಾದದ ಬೀಜವೂ ಇದೇ. ಸಂಖ್ಯೆಗೆ ತಾಯಿ ತಂದೆ ಇಬ್ಬರೂ ಉಂಟೆಂಬ ವೈಶೇಷಿಕರ ಪಕ್ಷವೇ ಸಂಗತಿಗಳಿಗೆ ಹೆಚ್ಚು ಹೊಂದುವಂತೆ ತೋರುತ್ತದೆ. ಬುದ್ಧಿ ಮಾತ್ರವೇ ಕಾರಣವಾಗಿದ್ದರೆ ನೆಪ್ಚೂನ್ ದೊರೆಯುತ್ತಿರಲಿಲ್ಲ. ವಸ್ತು ಮಾತ್ರವೇ ಕಾರಣವಾಗಿದ್ದರೆ ವಲ್ಕನ್ ಹುಟ್ಟುತ್ತಿರಲಿಲ್ಲ.

ಐನ್‌ಸ್ಟೈನನು ಬಳಸಿದ ವಕ್ರದೇಶದ ರೇಖಾಗಣಿತವನ್ನು ರೀಮನ್ ಎಂಬ ಜರ್ಮನ್ ಗಣಿತಜ್ಞನು ೧೮೫೪ರಲ್ಲಿಯೇ ಉಪನ್ಯಾಸವೊಂದರಲ್ಲಿ ನಿರೂಪಿಸಿದ್ದನು. ಬುಧನ ಗತಿಯು ಆಗ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ. ಹೀಗೆ ಗಣಿತವು ಮುಂಚಿತವಾಗಿ ಸಿದ್ಧವಾಗಿದ್ದು ಪ್ರಕೃತಿಗೆ ಅಳವಡುವುದನ್ನು ವಿಗ್ನರ್ ಎಂಬ ಭೌತವಿಜ್ಞಾನಿಯು ೧೯೬೦ರಲ್ಲಿ ತನ್ನ ಪ್ರಸಿದ್ಧ ಲೇಖನದಲ್ಲಿ ಪವಾಡವೆಂಬಂತೆ ಬಣ್ಣಿಸಿದನು. ಆಶ್ಚರ್ಯವು ನಿಜ. ಆದರೆ ಜೋಯಿಸನ ಫಲಿಸಿದ ಮಾತುಗಳನ್ನು ಮಾತ್ರ ಊರು ನೆನಪಿಡುವಂತೆ, ಹೊಂದಿದ ಗಣಿತವನ್ನು ಮಾತ್ರ ಲೋಕವು ನೆನಪಿಡುತ್ತದೆ. ಹೊಂದದಿದ್ದುದಕ್ಕೆ ಕನ್ನಡನಾಡಿನ ಮಣ್ಣಿನೊಳಗೇ ಸಾಕ್ಷಿಯಿದೆ. ಪ್ರಕೃತಿಯ ಮೂರು ಶಕ್ತಿಗಳನ್ನು ಒಂದೇ ಚೆಲುವಾದ ಗಣಿತದಲ್ಲಿ ಅಡಕಮಾಡಿ ೧೯೭೪ರಲ್ಲಿ ಒಂದು ಸಿದ್ಧಾಂತ ಹೊರಟಿತು. ಅದರಂತೆ, ಎಂದಿಗೂ ಅಳಿಯದೆಂದು ತಿಳಿದಿದ್ದ ಪ್ರೋಟಾನ್ ಕಣವೂ ಒಂದು ದಿನ ಅಳಿಯಲೇಬೇಕು. ಅದನ್ನು ಕಾಣಲು ೧೯೮೦ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕಬ್ಬಿಣದ ಹಲಗೆಗಳನ್ನು ಜೋಡಿಸಿದ ಸುಮಾರು ೧೪೦ ಟನ್ನಿನ ಸಾಧನವನ್ನಿಟ್ಟು ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಕಾದರು. ಕೆಲವು ಗುರುತುಗಳು ಕಂಡಂತಾದುವು. ಬೇರೆಡೆಯ ದೊಡ್ಡ ಸಾಧನಗಳು ಅವನ್ನು ದೃಢಪಡಿಸಲಿಲ್ಲ. ೨೦೦೧ರಲ್ಲಿ ಗಣಿಯೂ ಮುಚ್ಚಿತು. ಪ್ರೋಟಾನ್ ಅಳಿದುದನ್ನು ಇದುವರೆಗೆ ಯಾರೂ ಕಂಡಿಲ್ಲ. ಆ ಮೊದಲ ಸಿದ್ಧಾಂತದ ಚೆಲುವಿಗೆ ಇಂದಿಗೂ ಕುಂದಿಲ್ಲ, ಅದು ನಿಜವಲ್ಲವಷ್ಟೆ.

ಲೆವೆರಿಯೆಯ ಎರಡು ಗ್ರಹಗಳ ಸಮಸ್ಯೆಯೇ ಇಂದು ಬೃಹದ್ರೂಪದಲ್ಲಿ ಮರಳಿ ನಿಂತಿದೆ. ನಕ್ಷತ್ರಸಮೂಹಗಳ ಅಂಚಿನಲ್ಲಿರುವ ನಕ್ಷತ್ರಗಳು, ಕಣ್ಣಿಗೆ ಕಾಣುವ ದ್ರವ್ಯದ ಸೆಳೆತಕ್ಕೆ ಒಪ್ಪದಷ್ಟು ವೇಗವಾಗಿ ಸುತ್ತುತ್ತಿವೆಯೆಂಬುದು ೧೯೭೦ರ ದಶಕದಲ್ಲಿ ವೇರಾ ರೂಬಿನ್ ಮೊದಲಾದವರ ವೀಕ್ಷಣೆಗಳಿಂದ ಸ್ಪಷ್ಟವಾಯಿತು. ಕಾಣದ ದ್ರವ್ಯವೊಂದು ಅಲ್ಲಿ ತುಂಬಿದೆಯೆಂದು ಹೆಚ್ಚಿನವರು ಹೇಳುತ್ತಾರೆ. ಅದಕ್ಕೆ ಬೇರೆ ದಿಕ್ಕುಗಳಿಂದಲೂ ಬಲವಾದ ಆಧಾರಗಳಿವೆ. ನಿಯಮವನ್ನೇ ತಿದ್ದಬೇಕೆಂದು ೧೯೮೩ರಿಂದ ವಾದಿಸುತ್ತ ಬಂದ ಅಲ್ಪಸಂಖ್ಯಾತರೂ ಇದ್ದಾರೆ. ಎರಡು ಪಕ್ಷಗಳವರ ಕೈಯಲ್ಲಿಯೂ ಸಮೀಕರಣಗಳಿವೆ. ಅಮೆರಿಕೆಯ ದಕ್ಷಿಣ ಡಕೋಟದಲ್ಲಿ, ಹಿಂದೆ ಚಿನ್ನ ತೆಗೆಯುತ್ತಿದ್ದ ಗಣಿಯೊಂದರ ಆಳದಲ್ಲಿ, ಸುಮಾರು ೧೦ ಟನ್ ದ್ರವರೂಪದ ಕ್ಸೆನಾನ್ ತುಂಬಿದ ಪಾತ್ರೆಯನ್ನಿಟ್ಟು ಆ ದ್ರವ್ಯದ ಕಣವೊಂದು ಬಂದು ತಾಕುವುದನ್ನು ಹುಡುಕಿದ್ದಾರೆ. ಇದುವರೆಗೆ ಅಂಥ ಒಂದು ಕಣವೂ ಸಿಕ್ಕಿಲ್ಲ.